ಮೈನಸ್ಸು ಅಂದರೆ ಇಲ್ಲ ಅಂತಲ್ಲ

ಯಾರನ್ನು ಕಂಡರೂ ಮನಸ್ಸಿನಲ್ಲೇ ಅವರಿಗೊಂದು ಪ್ಲಸ್ಸೋ ಮೈನಸ್ಸೋ ಹಾಕಿಬಿಡುವ ಕೆಟ್ಟ ಚಾಳಿ ನನಗಿದೆ. ಬ್ಯಾಂಕೊಂದರ ಮೇನ್‌ಫ್ರೇಮ್ ಕಾಯುತ್ತಲೇ ಕೂದಲು ಹಣ್ಣಾದವಳು ನಾನು. ನಿವೃತ್ತಿಯಾಗಿ ಸಾಗರಕ್ಕೆ ಬಂದು ಕೂತರೂ ಚಾಳಿ ಬಿಟ್ಟಿಲ್ಲ. ಬಸ್ಸು ಆನಂದಪುರ ದಾಟಿದ ಮೇಲೆ ಬಾಯಿ ಬಿಟ್ಟು ನಿದ್ದೆ ಹೊಡೆಯುವ ಕಂಡಕ್ಟರ್ ನನ್ನ ಲೆಕ್ಕದಲ್ಲಿ ಮೈನಸ್ಸು.

ಮೇನ್‌ಫ್ರೇಮ್ ಅಂದರೆ ಬೀರುವಿನಷ್ಟು ದೊಡ್ಡ ಕಂಪ್ಯೂಟರ್. ಅದರೊಳಗೆ ದುಡಿಯುವ ಪ್ರೊಸೆಸರ್‌ಗಳು ಹಲವು. ‘ಯಾರ್ಯಾರಿದ್ದೀರಪ್ಪಾ’ ಎಂದು ಒಂದು ಸಾಲು ಟೈಪ್ ಮಾಡಿದರೆ ಒಂದೊಂದರ ಮುಂದೂ ಗುರುತು ಹಾಕಿ ಹಾಜರಿ ಒಪ್ಪಿಸುತ್ತದೆ. ಪ್ಲಸ್ ಅಂದರೆ ಕೆಲಸದಲ್ಲಿದೆ. ಚುಕ್ಕಿ ಅಂದರೆ ಆ ಜಾಗದಲ್ಲಿ ಅಂಥದೊಂದು ಇಲ್ಲವೇ ಇಲ್ಲ. ಮೈನಸ್ ಅಂದರೆ ಇದೆ, ಕೆಲಸಕ್ಕೆ ಸಿಗುತ್ತಿಲ್ಲ, ಅಷ್ಟೆ. ಹೊಸಬರು ಮೈನಸ್ ಕಂಡದ್ದೇ ತಡ, ‘ಹೋಯ್ತು ಮೇಡಂ’ ಎಂದು ಬೊಬ್ಬೆ ಹಾಕುತ್ತಿದ್ದರು. ‘ಹೋಗಿಲ್ಲ ಕಣ್ರೋ, ಒಂದು ಆಜ್ಞೆ ಕೊಡಿ, ಎದ್ದು ಬರುತ್ತೆ’ ಎಂದು ಗದರುತ್ತಿದ್ದೆ.

ಹೊಸನಗರದಲ್ಲಿ ನನ್ನ ಸರೋಜಕ್ಕ ಲಕ್ವ ಹೊಡೆದು ಮಲಗಿದಳು. ಮಾತಿಲ್ಲ, ಕಣ್ಣು ಮೇಲಿನ ಮಾಡಿನಲ್ಲೇ ನೆಟ್ಟಿದೆ, ಊಟ ಮೂಗಿನ ಪೈಪಿನಲ್ಲಿ. ಡಾಕ್ಟರು ‘ಇನ್ನು ನಿಮ್ಮಿಷ್ಟ’ ಎಂದು ಮನೆಗೆ ಕಳಿಸಿದ್ದರು. ನಾನು ಹೋದಾಗ ಭಾವ ಹಾಸಿಗೆಯ ಪಕ್ಕದಲ್ಲೇ ನಿಂತು, ‘ಎಂತ ಇದ್ದು ಇದರಲ್ಲಿ? ಎಂತದೂ ಇಲ್ಲೆ. ಪೈಪು ತೆಗೆಸಿಬಿಡನ’ ಅಂದರು. ಅತ್ತೂ ಅತ್ತೂ ಅವರ ಮುಖ ಊದಿತ್ತು.

ಅವಳ ಎಡಗೈ ಹಿಡಿದು ‘ಅಕ್ಕಾ, ಇದ್ಯನೇ?’ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಹೆಬ್ಬೆರಳು ನನ್ನ ಅಂಗೈಯನ್ನು ಒತ್ತಿತು.

‘ಮೈನಸ್ಸು ಭಾವ, ಚುಕ್ಕಿ ಅಲ್ಲ’ ಎಂದು ಅವರಿಗೆ ಮೇನ್‌ಫ್ರೇಮಿನ ಪಾಠ ಶುರುಮಾಡಿದೆ. ಸಾವಿನ ಮನೆಯಂತಿದ್ದ ಕೋಣೆಯಲ್ಲಿ ನನ್ನ ಕೊರೆತ! ಭಾವ ಪೂರ್ತಿ ಕೇಳಿದರು. ಪೈಪು ಉಳಿಯಿತು.

ಆಮೇಲೆ ನನಗೆ ಭಯ ಶುರುವಾಯಿತು. ಆಫೀಸಿನಲ್ಲಾದರೆ ಮೈನಸ್ಸನ್ನು ಎಬ್ಬಿಸಲು ಆಜ್ಞೆಯಿತ್ತು, ಅಕ್ಕನನ್ನು ಎಬ್ಬಿಸುವುದು ಹೇಗೆ? ಬೆನ್ನಿಗೆ ಹುಣ್ಣಾಯಿತು. ಮಗ್ಗುಲು ತಿರುಗಿಸುವಾಗ ಸದ್ದಿಲ್ಲದೆ ಕಣ್ಣೀರು ಇಳಿಯುತ್ತಿತ್ತು. ನನ್ನ ಹಠಕ್ಕೆ ಅವಳು ನರಳುತ್ತಿದ್ದಾಳಾ ಎಂದು ಸಾಗರಕ್ಕೆ ಮರಳುವ ಬಸ್ಸಿನಲ್ಲಿ ಕೂತು ಅತ್ತಿದ್ದೇನೆ. ಇವತ್ತಿಗೂ ಅದಕ್ಕೆ ಉತ್ತರ ಗೊತ್ತಿಲ್ಲ.

ಭಾವ ಮಾತ್ರ ಬೇರೆಯೇ ಮನುಷ್ಯರಾದರು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರೆಷ್ಟು ಏರಿತೆಂದು ಪೇಪರು ಓದಿ ಅವಳಿಗೆ ಹೇಳುವರು. ತೀರ್ಥಹಳ್ಳಿಯಿಂದ ಬಂದ ನೆಂಟರು ಮಂಚದ ಪಕ್ಕದಲ್ಲೇ ‘ಪಾಪ, ಇನ್ನೆಷ್ಟು ದಿನವೋ’ ಅಂದಾಗ ರೇಗಿಬಿಟ್ಟರು: ‘ಸುಮ್ನಿರಿ! ಕೇಳ್ತು ಅದಕ್ಕೆ. ಮೈನಸ್ಸು ಅಷ್ಟೇ.’ ನೆಂಟರು ಕಕ್ಕಾಬಿಕ್ಕಿ.

ಒಂದು ಮಧ್ಯಾಹ್ನ ಭಾವನ ಫೋನು ಬಂತು. ಅಳಲಿಲ್ಲ. ‘ಚುಕ್ಕಿ’ ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಅಷ್ಟು ವರ್ಷ ಪರದೆಯ ಮೇಲೆ ಚುಕ್ಕಿ ಕಂಡರೆ ಕಣ್ಣು ತಾನಾಗಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಇದೊಂದು ಚುಕ್ಕಿಯನ್ನು ದಾಟಲು ಆಗುತ್ತಿಲ್ಲ.

ಈಗ ದಿನಾ ಬೆಳಿಗ್ಗೆ ಕಾಫಿ ಕುಡಿದು ಭಾವನಿಗೆ ಫೋನ್ ಮಾಡುತ್ತೇನೆ. ಎಷ್ಟೋ ಹೊತ್ತು ಬಡಿದುಕೊಂಡ ಮೇಲೆ ಎತ್ತುತ್ತಾರೆ.

‘ಭಾವ, ಇದ್ದೀರಾ?’

‘ಮೈನಸ್ಸು’ ಅನ್ನುತ್ತಾರೆ.

ಸದ್ಯಕ್ಕೆ ನನಗೆ ಅಷ್ಟು ಸಾಕು.