ಪುಟ್ಟಲಕ್ಷ್ಮಿ ಮೇಡಂ ಕಾಂಬೋಡಿಯಾಕ್ಕೆ ಹೆದರಿದ್ದು

ಧೈರ್ಯದಿಂದ ದೊಡ್ಡ ಕೆಲಸ ಮಾಡಿದವರಿಗೆ ಊರ ತುಂಬ ಪ್ರತಿಮೆಗಳಿವೆ. ಹೆದರಿಕೆಯಿಂದ ದೊಡ್ಡ ಕೆಲಸ ಮಾಡಿದವರಿಗೆ ಒಂದು ಕಲ್ಲುಬೆಂಚೂ ಇಲ್ಲ. ಇದು ಅನ್ಯಾಯ. ನ್ಯಾಯ ಇದ್ದಿದ್ದರೆ ವಿಜಯನಗರದ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ, ಇಸ್ತ್ರಿ ಅಂಗಡಿಯ ಪಕ್ಕದ ಮನೆಯ ಮುಂದೆ, ಪುಟ್ಟಲಕ್ಷ್ಮಿ ಮೇಡಂ ಅವರ ಆಳೆತ್ತರದ ಪ್ರತಿಮೆ ನಿಂತಿರುತ್ತಿತ್ತು. ಕತ್ತಿ ಹಿರಿದ ಭಂಗಿಯಲ್ಲಲ್ಲ, ಬಾಗಿಲ ಸಂದಿಯಿಂದ ಇಣುಕುವ ಭಂಗಿಯಲ್ಲಿ.

ಅರವತ್ತು ತುಂಬಿದ ಈ ವೀರಮಹಿಳೆ ಹೆದರದೆ ಬಿಟ್ಟ ವಸ್ತು ಲೋಕದಲ್ಲಿ ಕಡಿಮೆ. ಲಿಫ್ಟಿಗೆ ಹೆದರುತ್ತಿದ್ದರು. ಗೊತ್ತಿಲ್ಲದ ನಂಬರಿನಿಂದ ಬಂದ ಫೋನಿಗೆ ಹೆದರುತ್ತಿದ್ದರು. ಎದುರು ಮನೆಯ ಹಿಡಿಗಾತ್ರದ ನಾಯಿಯನ್ನು ‘ನೀವು’ ಎಂದೇ ಮಾತನಾಡಿಸುತ್ತಿದ್ದರು. ಮೆಟ್ರೊ ಸ್ಟೇಷನ್ನಿನ ಎಸ್ಕಲೇಟರು ಸೀರೆಯ ನೆರಿಗೆಯಿಂದ ಶುರುಮಾಡಿ ತಮ್ಮನ್ನು ಪೂರ್ತಿ ನುಂಗಿಬಿಡುತ್ತದೆ ಎಂಬ ಖಾತ್ರಿಯಿಂದ, ನೋಯುವ ಮಂಡಿಗಳನ್ನು ಎತ್ತಿಡುತ್ತಾ ಪಕ್ಕದ ಮೆಟ್ಟಿಲು ಹತ್ತುತ್ತಿದ್ದರು.

ವಿಚಿತ್ರವೆಂದರೆ ಅವರ ಬಾಳಿನ ಸಾಹಸಗಳೆಲ್ಲ ಹುಟ್ಟಿದ್ದು ಈ ಹೆದರಿಕೆಯ ಹೊಟ್ಟೆಯಲ್ಲೇ. ಶ್ಯಾಮಸುಂದರ ಹೆಣ್ಣು ನೋಡಲು ಬಂದಾಗ ‘ಒಪ್ಪಿಗೆನಾ’ ಎಂದು ಹಿರಿಯರು ಕೇಳಿದರು. ಇಲ್ಲ ಎನ್ನಲು ಹೆದರಿ ತಲೆಯಾಡಿಸಿದರು, ಮದುವೆಯಾಯಿತು. ತಾನೂ ಅವತ್ತು ಅದೇ ಕಾರಣಕ್ಕೆ ಒಪ್ಪಿದ್ದು ಎಂದು ಶ್ಯಾಮಸುಂದರ ಬಾಯಿಬಿಟ್ಟದ್ದು ಹತ್ತು ವರ್ಷದ ಮೇಲೆ. ಬ್ಯಾಡರಹಳ್ಳಿ ಕಡೆಯ ಸರ್ಕಾರಿ ಶಾಲೆಗೆ ಟೀಚರಾಗಿ ಸೇರಿದ ಎರಡನೇ ತಿಂಗಳಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ವರ್ಗವಾಯಿತು. ಹೆಡ್‌ಮಾಸ್ಟರ್ ರೇವಣಸಿದ್ದಪ್ಪನವರು, “ಇಂಗ್ಲಿಷ್ ಯಾರು ತಗೋತೀರಾ?” ಎಂದು ಕೇಳಿದಾಗ ಉಳಿದವರೆಲ್ಲ ಸೂರು ನೋಡಿದರು. ಪುಟ್ಟಲಕ್ಷ್ಮಿಗೆ ಸೂರು ನೋಡಲೂ ಹೆದರಿಕೆ. ಹೆಡ್‌ಮಾಸ್ಟರ ಮುಖವನ್ನೇ ನೋಡುತ್ತಾ ಕೂತರು. ಹೀಗೆ ಅವರು ಇಂಗ್ಲಿಷ್ ಮೇಡಂ ಆದರು, ಮೂವತ್ತೊಂದು ವರ್ಷ.

ಅವರ ಪಾಠದ ವರಸೆ ಹುಟ್ಟಿದ್ದೂ ಹಾಗೆಯೇ. ಇಂಗ್ಲಿಷ್ ಪದಗಳ ಬಾಲ ಯಾವ ಕಡೆ ತಿರುಗುತ್ತದೋ ಅವರಿಗೆ ಖಚಿತವಿರಲಿಲ್ಲ. ತಲೆಯನ್ನಷ್ಟೇ ತಾವು ಹಿಡಿದು ಬಾಲವನ್ನು ಮಕ್ಕಳಿಗೆ ಬಿಟ್ಟರು. “ಎಲಿಫ…?” ಎಂದು ಕೈ ಎತ್ತಿ ನಿಲ್ಲಿಸುವರು. ನಲವತ್ತು ಕಂಠಗಳು, “ಅಂಟ್” ಎಂದು ಹೆಂಚು ಹಾರಿಸುವವು. “ಎಲಿಫಂಟ್ ಅಂದ್ರೆ…?” ಎಂದರೆ, “ಆನೆ.” ಮೂವತ್ತೊಂದು ವರ್ಷದಲ್ಲಿ ಈ ಚಾಳಿ ಬಸ್ಸು ಹತ್ತಿ ಮನೆಗೂ ಬಂತು. “ರೀ, ಗ್ಯಾಸ್ ಆಫ್ ಮಾ…?” ಎಂದರೆ ಶ್ಯಾಮಸುಂದರ ಪೇಪರಿನಿಂದ ತಲೆ ಎತ್ತದೆ, “ಡಿದೀನಿ” ಎನ್ನುತ್ತಿದ್ದರು.

ಇಂಥವರ ಪಾಲಿಗೆ ಕಾಂಬೋಡಿಯಾ ಬಂದದ್ದು ನಿವೃತ್ತಿಯ ಸಮಾರಂಭದಲ್ಲಿ. ಹಾರ ಹಾಕಿದರು, ಶಾಲು ಹೊದಿಸಿದರು, ಆಮೇಲೆ ಕೈಗೆ ಮೈಕು ಕೊಟ್ಟರು. ಮೈಕಿಗೆ ಹೆದರಿದ ಪುಟ್ಟಲಕ್ಷ್ಮಿ, ಬೇಗ ಮುಗಿಸುವ ಆತುರದಲ್ಲಿ, “ಇನ್ಮೇಲೂ ಎಲ್ಲಾದ್ರೂ ಹೋಗಿ ಪಾಠ ಮಾಡ್ಬೇಕು, ಸೇವೆ ಮಾಡ್ಬೇಕು ಅಂತ ಆಸೆ” ಎಂದುಬಿಟ್ಟರು. ಅದು ಶಾಲು ಹೊದ್ದವರೆಲ್ಲ ಹೇಳುವ ಮಾತು, ಯಾರೂ ನಂಬುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮಗಳು ಅಪೂರ್ವ ನಂಬಿದಳು.

ಒಂದು ವಾರದೊಳಗೆ ಅಪೂರ್ವ ಒಂದು ಸಂಸ್ಥೆಯನ್ನು ಪತ್ತೆಹಚ್ಚಿ ಫಾರಂ ತುಂಬಿದ್ದಳು. ಕಾಂಬೋಡಿಯಾದ ಒಂದು ಸಣ್ಣ ಊರಿನಲ್ಲಿ ಹತ್ತು ವಾರ. ಬೆಳಗ್ಗೆ ಆ ನಾಡಿನ ಭಾಷೆ, ಚರಿತ್ರೆ ಕಲಿಯುವ ವಿದ್ಯಾರ್ಥಿ. ಮಧ್ಯಾಹ್ನ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಟೀಚರು. ಶನಿವಾರ ಶಾಲೆಯ ಕೈತೋಟ, ಅಡುಗೆಮನೆ, ನೀರಿನ ಡ್ರಮ್ಮು ತೊಳೆಯುವ ಸೇವೆ. ವಯಸ್ಸಿನ ಮಿತಿ ಇಲ್ಲ.

“ಸೈನ್ ಮಾಡಮ್ಮ” ಎಂದಳು ಅಪೂರ್ವ.

ಮಗಳಿಗೆ ಹೆದರಿ ಸೈನ್ ಮಾಡಿದರು.

ಕೊನೆಯ ಪರೀಕ್ಷೆಯೊಂದು ಉಳಿದಿತ್ತು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಅಲ್ಲಿಯ ಹತ್ತೂವರೆಗೆ, ವಿಡಿಯೊದಲ್ಲಿ ಅಲ್ಲಿಯ ಮಕ್ಕಳಿಗೆ ಇಪ್ಪತ್ತು ನಿಮಿಷ ಪಾಠ. ಅದನ್ನು ನೋಡಿ ಸಂಯೋಜಕಿ ತೀರ್ಮಾನಿಸುತ್ತಾಳೆ. ಇದು ತಿಳಿದ ದಿನದಿಂದ ಪುಟ್ಟಲಕ್ಷ್ಮಿಯವರಿಗೆ ಊಟ ಸೇರಲಿಲ್ಲ. ವಿಮಾನ, ಅಲ್ಲಿಯ ಹುಳಹುಪ್ಪಟೆ, ಬಾಗಿಲಿಗೆ ಚಿಲಕ ಇದೆಯೋ ಇಲ್ಲವೋ, ಇವೆಲ್ಲ ಪುಡಿ ಭಯಗಳು, ಕಾಲಾಳುಗಳು. ಹಿಂದೆ ಆನೆಯ ಮೇಲೆ ಕೂತು ಬರುತ್ತಿದ್ದ ಭಯ ಬೇರೆಯೇ ಇತ್ತು. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ ತಾನು, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಒಬ್ಬ ಮನುಷ್ಯನ ಜೊತೆ ಒಂದು ದಿನವೂ ಮಾತಾಡಿದವಳಲ್ಲ. ಇದು ಯಾರಿಗೂ ಗೊತ್ತಿಲ್ಲ. ಗುರುವಾರ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಆ ಹಾರ, ಆ ಶಾಲು, ನಮಸ್ಕರಿಸುತ್ತಾ ಬಂದ ಅಷ್ಟೂ ಮಕ್ಕಳು, ಎಲ್ಲ ಸುಳ್ಳಾಗಿಬಿಡುತ್ತದೆ.

ಅಪೂರ್ವ ಬಣ್ಣಬಣ್ಣದ ಚಿತ್ರಗಳನ್ನೂ ನಾಲ್ಕು ಪುಟದ ಇಂಗ್ಲಿಷ್ ಮಾತುಗಳನ್ನೂ ಸಿದ್ಧಮಾಡಿಕೊಟ್ಟಳು. “ನೋಡಮ್ಮ, ಆ ಅರ್ಧರ್ಧ ಪದ ಹೇಳೋದು ಬೇಡ. ಅದು ಹಳೇ ಕಾಲದ ಗಿಣಿಪಾಠ. ಅಲ್ಲಿ ಅಂದ್ರೆ-ಗಿಂದ್ರೆ ಅಂದ್ರೆ ಯಾರಿಗೆ ಅರ್ಥ ಆಗತ್ತೆ? ಬರೆದಿರೋದನ್ನ ಓದು, ನಗ್ತಾ ಇರು.”

ಓದುವುದೇ ಕಷ್ಟ, ನಗುವುದನ್ನು ಬೇರೆ ಸೇರಿಸಿದ್ದಳು.

ಬುಧವಾರ ಯಶೋದಮ್ಮ ಬಂದರು. ಬ್ಯಾಡರಹಳ್ಳಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು, ಮೇಡಮ್ಮಿಗೆಂದು ಹೊಲದ ಅವರೆಕಾಯಿ ತಂದಿದ್ದರು. ಕಾಯಿ ಬಿಡಿಸುತ್ತಾ ಪುಟ್ಟಲಕ್ಷ್ಮಿ ಯಾರಿಗೂ ಹೇಳದ ಗುಟ್ಟನ್ನು ಅವರಿಗೆ ಹೇಳಿಬಿಟ್ಟರು.

“ಅಯ್ಯೋ, ಅದು ನಂಗೊತ್ತಿಲ್ವಾ ಮೇಡಂ” ಎಂದರು ಯಶೋದಮ್ಮ, ತಲೆ ಎತ್ತದೆ. “ಅಡುಗೆಮನೆಗೆ ಎಲ್ಲಾ ಕೇಳಿಸ್ತಿತ್ತಲ್ಲ. ನೀವು ಅರ್ಧ ಹೇಳಿ ಬಿಟ್ಬಿಡೋರು, ಮಕ್ಳು ಅರಚೋವು. ಸಾರಿಗೆ ಒಗ್ಗರಣೆ ಹಾಕ್ತಾ ನಾನೂ ಹೇಳ್ಕೊಳ್ಳೋಳು. ಈಗ ನಂಗೆ ಕ್ಯಾಬೇಜು, ಕಾಲಿಫ್ಲವರು, ಟರ್ಮರಿಕ್ಕು ಎಲ್ಲಾ ಬರುತ್ತೆ.”

“ನಾಳೆ ಮರ್ಯಾದೆ ಹೋಗತ್ತೆ ಯಶೋದಮ್ಮ.”

“ಹೋದ್ರೆ ಕಾಂಬೋಡಿಯಾದಲ್ಲಿ ಹೋಗುತ್ತೆ. ಬ್ಯಾಡರಹಳ್ಳಿಗೆ ಬರಕ್ಕೆ ಅದಕ್ಕೆ ಎಷ್ಟು ದಿನ ಬೇಕು.”

ಗುರುವಾರ ಬಂತು. ಅಪೂರ್ವ ಆಫೀಸಿಗೆ ರಜೆ ಸಿಗದೆ ಎಂಟಕ್ಕೇ ಹೊರಟಿದ್ದಳು. ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ನಿಂತು ಉಸಿರೂ ಬಿಡಕೂಡದೆಂದು ಶ್ಯಾಮಸುಂದರರಿಗೆ ಅಪ್ಪಣೆಯಾಗಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ನಾಲ್ಕು ಪುಟ, ಆಚೆಗೆ ಬೆಳಗ್ಗೆ ಮಾರ್ಕೆಟ್ಟಿನಿಂದ ತಂದಿಟ್ಟ ತರಕಾರಿ ಬುಟ್ಟಿ. ನಿವೃತ್ತಿಯ ದಿನದ ರೇಷ್ಮೆ ಸೀರೆಯನ್ನುಟ್ಟು ರಣರಂಗಕ್ಕಿಳಿದ ಪುಟ್ಟಲಕ್ಷ್ಮಿಯವರ ಜಂಘಾಬಲ, ಮೊದಲ ಶತ್ರು ಕಾಣುವ ಮೊದಲೇ ಉಡುಗಿತ್ತು.

ಲ್ಯಾಪ್‌ಟಾಪಿನ ಪರದೆ ಬೆಳಗಿತು. ಬಿಳಿ ಅಂಗಿಯ ಇಪ್ಪತ್ತೆರಡು ಮಕ್ಕಳು ನಾಲ್ಕು ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕನ್ನಡಕದ ಸಂಯೋಜಕಿ ಪೆನ್ನು ಹಿಡಿದು ನಿಂತಿದ್ದಳು. ಅವಳು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ, ಶುರುಮಾಡಿ ಎಂದಳು.

ಪುಟ್ಟಲಕ್ಷ್ಮಿ ಪುಟ ನೋಡಿದರು. ಅಕ್ಷರಗಳೆಲ್ಲ ಸಕ್ಕರೆ ಡಬ್ಬಿಯ ಇರುವೆಗಳಂತೆ ದಿಕ್ಕುಪಾಲಾಗಿ ಓಡುತ್ತಿದ್ದವು. ಒಂದು ನಿಮಿಷವಾಯಿತು. ಹಿಂದಿನ ಸಾಲಿನ ಒಂದು ಮಗು ಆಕಳಿಸಿತು. ಸಂಯೋಜಕಿಯ ಪೆನ್ನು ಏನೋ ಬರೆದುಕೊಂಡಿತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ, ಕರೆಂಟು ಹೋಯಿತೆಂದು ಮಗಳಿಗೆ ಹೇಳಿದರಾಯಿತು ಎಂದು ಕೈ ಚಾಚಿದರು. ಗುರಿ ತಪ್ಪಿದ ಆ ಕೈ ಮುಚ್ಚಳಕ್ಕೆ ತಗಲುವ ಬದಲು ಬುಟ್ಟಿಗೆ ತಗಲಿತು, ಮುಳುಗುವವರು ಸಿಕ್ಕಿದ್ದನ್ನು ಹಿಡಿಯುವಂತೆ ಅಲ್ಲಿದ್ದ ತೆಂಗಿನಕಾಯಿಯನ್ನು ಹಿಡಿದೆತ್ತಿತು. ಎತ್ತಿದ ಮೇಲೆ ಏನಾದರೂ ಹೇಳಬೇಕಲ್ಲ. ಬಾಯಿ ತನ್ನ ಮೂವತ್ತೊಂದು ವರ್ಷದ ದಾರಿ ಹಿಡಿಯಿತು.

“ದಿಸ್ ಈಸ್ ಎ ಕೋಕೋ…?”

ಇನ್ನೊಂದು ಕೈ ಗಾಳಿಯಲ್ಲಿ ನಿಂತಿತು. ಇಪ್ಪತ್ತೆರಡು ಮಕ್ಕಳು ಕಣ್ಣು ಬಿಟ್ಟರು. ಕಾಂಬೋಡಿಯಾ ನಿಶ್ಶಬ್ದವಾಯಿತು. ಆ ನಿಶ್ಶಬ್ದವನ್ನು ತಾಳಲಾರದೆ, ಮೂವತ್ತೈದು ವರ್ಷ ಸಂಸಾರದಲ್ಲಿ ಪಳಗಿದ ಶ್ಯಾಮಸುಂದರ ಪರದೆಯ ಹಿಂದಿನಿಂದ ಅಪ್ಪಣೆ ಮರೆತು ಗಟ್ಟಿಯಾಗಿ, “ನಟ್” ಎಂದರು. ಎಂದಮೇಲೆ ತಮ್ಮ ಅಪರಾಧಕ್ಕೆ ತಾವೇ ಬೆಚ್ಚಿ ಪರದೆ ಹಿಡಿದು ಎಳೆದರು. ಅದು ಕಂಬಿಯ ಸಮೇತ ಕೆಳಗೆ ಬಂತು. ಬನಿಯನ್, ಪಂಚೆಯಲ್ಲಿದ್ದ ಒಬ್ಬ ನಿವೃತ್ತ ಗುಮಾಸ್ತರು ಅಂತಾರಾಷ್ಟ್ರೀಯ ವೇದಿಕೆಯ ಮೇಲೆ ಪ್ರತ್ಯಕ್ಷರಾದರು.

ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಅವರಿಗೆ ಆಟ ತಿಳಿದುಹೋಯಿತು. ಅಜ್ಜಿ ಅರ್ಧ ಹೇಳುತ್ತಾಳೆ, ಉಳಿದರ್ಧ ಯಾರಾದರೂ ಹೇಳಬೇಕು, ತಾತ ಹೇಳಿದ ಹಾಗೆ. ಪುಟ್ಟಲಕ್ಷ್ಮಿ ಬಾಳೆಹಣ್ಣು ಎತ್ತಿದರು. “ಬನಾ…?” ಇಪ್ಪತ್ತೆರಡು ಕಂಠಗಳು ಅಲ್ಲಿಯ ತಗಡಿನ ಸೂರನ್ನು ಎತ್ತಿ ಇಟ್ಟವು. ಅದೇ ರಭಸದಲ್ಲಿ, ಬೇಡ ಬೇಡವೆಂದರೂ, ಹಾಳು ನಾಲಿಗೆ, “ಬನಾನಾ ಅಂದ್ರೆ…?” ಎಂದು ಕೇಳಿಯೂಬಿಟ್ಟಿತು. ಮುಗಿಯಿತು, ಕನ್ನಡ ಬಂದುಬಿಟ್ಟಿತು.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎತ್ತಿ ನಿಂತ ಕೈಯನ್ನು ನೋಡಿದಳು, ಹಣ್ಣನ್ನು ನೋಡಿದಳು, ಸ್ವಲ್ಪ ಯೋಚಿಸಿ ತನ್ನ ಭಾಷೆಯಲ್ಲಿ ಹೇಳಿದಳು: “ಚೇಕ್.”

ಪುಟ್ಟಲಕ್ಷ್ಮಿ ಅಪೂರ್ವಳ ನಾಲ್ಕು ಪುಟವನ್ನು ತಿರುವಿ, ಅದರ ಬೆನ್ನಿಗೆ ‘ಚೇಕ್’ ಎಂದು ಬರೆದುಕೊಂಡರು. ತಾವೂ ಹೇಳಿ ನೋಡಿದರು. ಮಕ್ಕಳು ಇನ್ನಷ್ಟು ನಕ್ಕು ತಿದ್ದಿದರು. ಮತ್ತೆ ಹೇಳಿದರು, ಮತ್ತೆ ತಿದ್ದಿದರು. ಇಪ್ಪತ್ತು ನಿಮಿಷ ಮುಗಿಯುವಾಗ ಬುಟ್ಟಿ ಖಾಲಿಯಾಗಿತ್ತು. ಸಂಯೋಜಕಿ ಪೆನ್ನು ಮುಚ್ಚಿ, ಎರಡು ದಿನದಲ್ಲಿ ತಿಳಿಸುತ್ತೇವೆ ಎಂದಷ್ಟೇ ಹೇಳಿದಳು. ಅದಕ್ಕೆ ಪುಟ್ಟಲಕ್ಷ್ಮಿ, “ಥ್ಯಾಂಕ್ ಯೂ ಮೇಡಂ, ಐ ಆಮ್ ವೆರಿ ಅಫ್ರೇಡ್” ಎಂದರು. ಸಂಯೋಜಕಿ ನಕ್ಕು ಏನೋ ಅಂದಳು. ಇಂಗ್ಲಿಷಿನಲ್ಲಿ ಉತ್ತರ ಬಂದೇ ಬಂದಿತ್ತು.

ಆ ಎರಡು ದಿನ ಅವರು ಹೆದರಿದ ಹಾಗೆ ಹಿಂದೆಂದೂ ಹೆದರಿರಲಿಲ್ಲ. ಶುಕ್ರವಾರ ಸಂಜೆ ಒಗೆದ ಬಟ್ಟೆ ಮಡಿಸುವಾಗ ಅವರಿಗೆ ಒಂದು ವಿಷಯ ಗೊತ್ತಾಗಿ ಕೈ ನಿಂತಿತು. ಆರಿಸಿಬಿಟ್ಟರೆ ಎಂದು ಹೆದರುತ್ತಿದ್ದವಳು ಈಗ, ಆರಿಸದಿದ್ದರೆ ಎಂದು ಹೆದರುತ್ತಿದ್ದಾಳೆ. ಭಯ ಅದೇ, ಮುಖ ಮಾತ್ರ ಆಚೆ ತಿರುಗಿಕೊಂಡಿದೆ.

ಶನಿವಾರ ಮಧ್ಯಾಹ್ನ ಪತ್ರ ಬಂತು. ಆರಿಸಿದ್ದರು. ಸೋಮವಾರದೊಳಗೆ ಒಪ್ಪಿಗೆ ಬರೆಯಬೇಕಿತ್ತು. ಅಪೂರ್ವ ಕುಣಿಯಬೇಕಾದವಳು ಅಮ್ಮನ ಬಿಳಿಚಿದ ಮುಖ ನೋಡಿ ಪಕ್ಕದಲ್ಲಿ ಬಂದು ಕೂತಳು.

“ಅಮ್ಮ, ಅವತ್ತು ನಿನ್ನ ಕೇಳದೆ ಫಾರಂ ತುಂಬಿದ್ದು ನನ್ನ ತಪ್ಪು. ಬೇಡ ಅನ್ಸಿದ್ರೆ ಬೇಡ. ನಾನೇ ಬರೆದು ಹೇಳ್ತೀನಿ, ಯಾರೂ ಏನೂ ಅಂದ್ಕೊಳ್ಳಲ್ಲ.”

ಪುಟ್ಟಲಕ್ಷ್ಮಿ ಗಂಡನ ಕಡೆ ತಿರುಗಿದರು. “ನಿನ್ನಿಷ್ಟ ಕಣೇ” ಎಂದರು ಶ್ಯಾಮಸುಂದರ. ಹತ್ತು ವಾರ ಒಬ್ಬರೇ ಇರಬೇಕಾಗುವ, ಅಡುಗೆಯಲ್ಲಿ ಬಿಸಿನೀರಿನಿಂದ ಮುಂದೆ ಹೋಗದ ಅವರ ದನಿಯೂ ಸ್ವಲ್ಪ ನಡುಗಿತು.

ಇದಕ್ಕಿಂತ ಭಯಂಕರವಾದ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಇಷ್ಟು ಕಾಲ ಬೆನ್ನ ಹಿಂದೆ ಯಾರಾದರೂ ಒಬ್ಬರು ಇರುತ್ತಿದ್ದರು. ಹಿರಿಯರು, ಹೆಡ್‌ಮಾಸ್ಟರು, ಮೈಕು, ಮಗಳು. ಅವರಿಗೆ ಹೆದರಿ ಮುಂದಕ್ಕೆ ಓಡಿದರೆ ಸಾಕಿತ್ತು. ಈಗ ಹಿಂದೆ ಯಾರೂ ಇಲ್ಲ.

ಲ್ಯಾಪ್‌ಟಾಪಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಅರ್ಧಕ್ಕೆ ನಿಂತರು. ತಿರುಗಿ, ಕೈ ಎತ್ತಿ, “ರೀ, ಐ ವಿಲ್ ಕ…?” ಎಂದರು.

ಶ್ಯಾಮಸುಂದರ ಬಾಯಿ ತೆರೆದರು. ಮುಚ್ಚಿದರು. ಫ್ಯಾನಿನ ಕಡೆ ನೋಡಿದರು. ಅಪೂರ್ವ ಕಾಲಿನ ಉಗುರು ನೋಡಿಕೊಂಡಳು. ಪಕ್ಕದ ಅಂಗಡಿಯ ಇಸ್ತ್ರಿಪೆಟ್ಟಿಗೆ ಧಪ್ ಎಂದಿತು. ಎತ್ತಿದ ಕೈ ಎತ್ತಿದ ಹಾಗೇ ಗಾಳಿಯಲ್ಲಿ ನಿಂತಿತ್ತು. ಉಳಿದರ್ಧವನ್ನು ಯಾರೂ ತುಂಬಲಿಲ್ಲ.

“ಮ್” ಎಂದು ಪುಟ್ಟಲಕ್ಷ್ಮಿ ತಾವೇ ಮೆಲ್ಲಗೆ ಹೇಳಿಕೊಂಡು, ಉಳಿದೆರಡು ಅಕ್ಷರ ಒತ್ತಿ, ಪತ್ರ ಕಳಿಸಿದರು.

ಆಮೇಲೆ ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾ ಕೇಳಿದರು: “ಅಪೂರ್ವ, ಏರ್‌ಪೋರ್ಟಲ್ಲಿ ಎಸ್ಕಲೇಟರ್ ಪಕ್ಕ ಮೆಟ್ಟಿಲೂ ಇರತ್ತೆ ಅಲ್ವಾ?”