ಮೆಟ್ರಿ ಕಾಲುವೆಯ ಹಸಿ ಕಾಂಕ್ರೀಟು

ನನ್ನವ್ವ ಆಗಾಗ ಬೈಯುವುದುಂಟು: “ನೀ ದೇವರ ಪ್ರಸಾದದಾಗೂ ಕಲ್ಲು ಹುಡುಕಾಕಿ.” ಸುಳ್ಳೇನಲ್ಲ. ಹೊಸಪೇಟೆಯಿಂದ ಕಂಪ್ಲಿ ದಾಟಿ ಆಂಧ್ರದ ಗಡಿಯಾಚೆ ಹೋಗುವ ಹೆದ್ದಾರಿಗೆ ಹೊರದೇಶದ ನೆರವು ಬಂದಿತ್ತು. ನೆರವು ಕೊಟ್ಟವರಿಗೆ ಗುತ್ತಿಗೆದಾರರ ಮೇಲೆ ನಂಬಿಕೆಯಿರಲಿಲ್ಲ. ಅದಕ್ಕೇ ಕೆಲಸದ ಗುಣಮಟ್ಟ ನೋಡಲು ನನ್ನನ್ನು ಇಟ್ಟಿದ್ದರು. ಸಂಬಳ ಕೊಟ್ಟು ಅನುಮಾನಪಡು ಎಂದರೆ ಯಾರು ಬಿಡುತ್ತಾರೆ?

ಅದಕ್ಕೂ ಮುಂಚೆ ಸಂಡೂರಿನ ಕಡೆ ಒಂದು ರಸ್ತೆ ಕೆಲಸದಲ್ಲಿ ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೆ. ಜಲ್ಲಿ ಗುಡ್ಡೆಯ ಮೇಲೊಂದು ಪದರ ಒಳ್ಳೆಯ ಕಲ್ಲು, ಒಳಗೆಲ್ಲ ಕೆಂಪು ಮಣ್ಣು. ಮೇಲಷ್ಟೇ ನೋಡಿ ಸಹಿ ಹಾಕಿಬಿಟ್ಟಿದ್ದೆ. ಅವತ್ತಿನಿಂದ ಯಾರಾದರೂ ನಕ್ಕು ಮಾತಾಡಿಸಿದರೆ ಸಾಕು, ಇವನಿಗೇನು ಬೇಕಾಗಿದೆ ಎಂದು ಯೋಚಿಸುತ್ತಿದ್ದೆ. ಸೈಟಿನಲ್ಲಿ ಚಹಾ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಹೊಸಪೇಟೆಯ ಟಿ.ಬಿ. ಡ್ಯಾಂ ಹತ್ತಿರದ ನನ್ನ ಮನೆಯಿಂದ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದೆ.

ಮೆಟ್ರಿ ಹತ್ತಿರ ಕಾಲುವೆಗೆ ಒಂದು ಸಣ್ಣ ಸೇತುವೆ ಕಟ್ಟುತ್ತಿದ್ದರು. ಕಾಲುವೆಗೆ ನೀರು ಬಿಡುವುದರೊಳಗೆ ಮುಗಿಸಬೇಕಿತ್ತು. ಅಲ್ಲಿಯ ಸೂಪರ್‌ವೈಸರ್ ಕಂಪ್ಲಿಯವನು. ಸಿಮೆಂಟ್ ಗೋಡೌನಿನ ಕೀಲಿ ಅವನ ಹತ್ತಿರವೇ. ನನ್ನನ್ನು ಕಂಡರೆ ಎದ್ದು ನಿಂತು “ಬರ್ರಿ ಮೇಡಂ, ಕುಂದ್ರಿ” ಎನ್ನುತ್ತಿದ್ದ. ಇಷ್ಟೊಂದು ಮರ್ಯಾದೆ ಯಾಕಪ್ಪಾ, ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ.

ಸ್ಲ್ಯಾಬ್ ಹಾಕುವ ದಿನ ನನ್ನ ಜೀಪು ದಾರಿಯಲ್ಲಿ ಕೈಕೊಟ್ಟಿತು. ನಾನು ತಲುಪುವಷ್ಟರಲ್ಲಿ ಪೂಜೆ ಮುಗಿದು, ಅರ್ಧ ಕಾಂಕ್ರೀಟೂ ಬಿದ್ದಿತ್ತು. ನಾನಿಲ್ಲದ ಹೊತ್ತು ನೋಡಿಕೊಂಡೇ ಶುರುಮಾಡಿದ್ದಾರೆ ಎಂದು ಸಿಟ್ಟು ಬಂತು. ಅದೇ ಮಾಲಿನಿಂದ ಕ್ಯೂಬ್ ಹಾಕಿಸಿದೆ. ಅವು ಸಣ್ಣ ಚೌಕ ತುಂಡುಗಳು. ಆಮೇಲೆ ಮೆಷಿನ್ನಿನಲ್ಲಿ ಒತ್ತಿ ಒಡೆದರೆ ಸೇತುವೆಯ ಗಟ್ಟಿತನ ಗೊತ್ತಾಗುತ್ತದೆ. ಯಾರೂ ಬದಲಾಯಿಸದಿರಲೆಂದು ಒಂದೊಂದರ ಮೇಲೂ ನನ್ನದೇ ಗುರುತು ಗೀಚಿದೆ.

ಮರುದಿನ ಬಂದು ಸ್ಲ್ಯಾಬಿನ ಅಂಚಿಗೆ ಉಗುರು ಒತ್ತಿದೆ. ಉಗುರು ಒಳಗೆ ಹೋಯಿತು! ಅಚ್ಚು ಬಿಚ್ಚಿದರೆ ಕ್ಯೂಬಿನ ಮೂಲೆಗಳು ಉದುರಿದವು. ಸಿಮೆಂಟ್ ಕದ್ದಿದ್ದಾರೆ, ಮತ್ತೇನು? ಗೋಡೌನಿನಲ್ಲಿ ಚೀಲಗಳು ಲೆಕ್ಕಕ್ಕೆ ಸರಿಯಾಗಿಯೇ ಇದ್ದವು. ಸರಿಯಾಗಿದ್ದುದಕ್ಕೇ ನನಗೆ ಇನ್ನಷ್ಟು ಅನುಮಾನ ಬಂತು.

“ಸಿಮೆಂಟ್ ಎಲ್ಲಿ ಹೋತು?” ಎಂದು ಸೂಪರ್‌ವೈಸರನನ್ನು ಕೇಳಿದೆ.

“ಮಗಳ ಮ್ಯಾಲೆ ಆಣೆ ರೀ ಮೇಡಂ, ಒಂದು ಬುಟ್ಟಿನೂ ಕಡಿಮಿ ಹಾಕಿಲ್ಲ. ಕಳ್ಳ ಅಂತ ಬರೀಬ್ಯಾಡ್ರಿ. ಹಂಗ ಬರದ್ರ ನನ್ನ ಯಾರೂ ಕೆಲಸಕ್ಕ ಇಟ್ಕಳಲ್ರಿ.”

“ಆಣೆಯಿಂದ ಕಾಂಕ್ರೀಟು ಗಟ್ಟಿಯಾಗಲ್ಲ” ಎಂದೆ. ಎಂಥಾ ಜಾಣ ಮಾತು ಆಡಿದೆ ಎಂದು ಹೆಮ್ಮೆಯೂ ಆಯಿತು, ಹಾಳಾಗಲಿ. ಸಂಜೆಯೊಳಗೆ ವರದಿ ಬರೆದೆ. ಮೂರನೇ ದಿನ ಅವನನ್ನು ತೆಗೆದರು. ಇಂಥ ಶಂಕೆಯಲ್ಲಿ ಹೋದವನಿಗೆ ಈ ರಸ್ತೆಯ ಯಾವ ಕ್ಯಾಂಪಿನಲ್ಲೂ ಮತ್ತೆ ಕೆಲಸವಿಲ್ಲ ಎಂಬುದು ನಿಯಮ.

ಸ್ಲ್ಯಾಬ್ ಒಡೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಮಾತ್ರ ಇಪ್ಪತ್ತೆಂಟು ದಿನ ಕಾಯಬೇಕಿತ್ತು; ಕಾಂಕ್ರೀಟಿನ ಪೂರ್ತಿ ಗಟ್ಟಿತನ ಅಳೆಯುವುದು ಅಷ್ಟು ದಿನಕ್ಕೇ. ವಾರ ಕಳೆದ ಮೇಲೆ ಹೋದಾಗ ಮೆಟ್ರಿಯ ಮುದುಕ ಮೇಸ್ತ್ರಿ ಸ್ಲ್ಯಾಬಿನ ಮೇಲಿನ ಗೋಣಿಚೀಲಗಳಿಗೆ ನೀರು ಹೊಡೆಯುತ್ತಿದ್ದ. ನೀರಿನ ಡ್ರಮ್ಮಿನ ಪಕ್ಕ ಒಂದು ಮಡಕೆ, ಅದಕ್ಕೆ ಇರುವೆ ಮುತ್ತಿದ್ದವು.

“ಏನು ತಾತಾ ಇದು?”

“ಬೆಲ್ಲದ ನೀರು, ಯವ್ವಾ. ಹಂಪ್ಯಾಗ ಹಳೇ ಮಂಟಪ ರಿಪೇರಿ ಮಾಡೋವಾಗ ಗಾರಿಗೆ ಬೆಲ್ಲ ಕಲಸ್ತಿದ್ವಿ, ಕಲ್ಲಾಗತಿತ್ತು. ಇದು ನಮ್ಮೂರ ಸೇತುವೆ, ಗಟ್ಟಿ ಇರಲಿ ಅಂತ ಅವತ್ತು ಪೂಜೆ ಆದಮ್ಯಾಲೆ ಕಾಂಕ್ರೀಟು ಕಲಸೋ ನೀರಿನ ಡ್ರಮ್ಮಿಗೆ ಒಂದೀಟು ಸುರುವಿದ್ದೆ.”

ಸುಣ್ಣದ ಗಾರೆಗೆ ಬೆಲ್ಲ ಒಳ್ಳೆಯದು. ಸಿಮೆಂಟಿಗೆ ಬಿದ್ದರೆ ಅದು ಬೇಗ ಬಿಗಿಯುವುದಿಲ್ಲ.

“ಅವತ್ತೇ ಯಾಕೆ ಹೇಳಲಿಲ್ಲ?”

“ನೀವು ಬರೇ ಸಿಮೆಂಟ್ ಸಿಮೆಂಟ್ ಅಂತ ಕೇಳಿದ್ರಿ. ಬೆಲ್ಲದ ಸುದ್ದಿ ಯಾರು ಕೇಳಿದ್ರಬೇ?”

ಇಪ್ಪತ್ತೆಂಟನೇ ದಿನ ನನ್ನ ಗುರುತಿನ ಕ್ಯೂಬುಗಳನ್ನು ಮೆಷಿನ್ನಿಗೆ ಇಟ್ಟೆವು. ಮುಳ್ಳು ಏರಿತು, ಏರುತ್ತಲೇ ಹೋಯಿತು. ಆ ರಸ್ತೆಯಲ್ಲಿ ನಾನು ಅಲ್ಲಿಯವರೆಗೆ ಒಡೆಸಿದ ಎಲ್ಲ ಕ್ಯೂಬುಗಳಿಗಿಂತ ಅವೇ ಗಟ್ಟಿ. ಬೆಲ್ಲ ಬಿಗಿಯುವುದನ್ನು ತಡಮಾಡಿತ್ತು, ಅಷ್ಟೇ. ಕಾಂಕ್ರೀಟಿಗೆ ಇಪ್ಪತ್ತೆಂಟು ದಿನ ಕೊಟ್ಟವಳು ಮನುಷ್ಯನಿಗೆ ಒಂದು ದಿನವೂ ಕೊಟ್ಟಿರಲಿಲ್ಲ.

ತಪ್ಪು ನನ್ನದೆಂದು ಎರಡನೇ ವರದಿ ಬರೆದೆ. ಪ್ರಕರಣ ಮುಗಿದಿದೆ ಎಂದು ಉತ್ತರ ಬಂತು. ವರದಿಯ ಪ್ರತಿ ಹಿಡಿದು ಕಂಪ್ಲಿಗೆ ಹೋದೆ. ಆ ಸೂಪರ್‌ವೈಸರ್ ಈಗ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ತಲೆಯ ಟವೆಲ್ ಬಿಚ್ಚಿ, “ಬರ್ರಿ ಮೇಡಂ, ಕುಂದ್ರಿ” ಎಂದ. ಚಹಾ ತರಿಸಿದ. ನಾನು ಕುಡಿದೆ.

“ಸೇತುವೆ ಏನಾತ್ರಿ?”

“ಭಾಳ ಗಟ್ಟಿ ಐತಿ. ನಿಂದೇನೂ ತಪ್ಪಿರಲಿಲ್ಲ. ಇದರಾಗ ಬರದೀನಿ.”

ಅವನು ನಿಧಾನವಾಗಿ ಪೂರ್ತಿ ಓದಿದ. “ವಾಪಸ್ ತಗಂತಾರೇನ್ರಿ?”

“ಇಲ್ಲ.”

ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟ. “ಹಂಗಾರ ನೀವೇ ಇಟ್ಕೊಳ್ರಿ ಮೇಡಂ. ಮುಂದ ಇನ್ನೊಬ್ಬನ ಮ್ಯಾಲೆ ಬರಿಯೋವಾಗ ಬೇಕಾಗತೈತಿ” ಎಂದು ಹೇಳಿ, ಚೀಲದ ಕಡೆಗೆ ಹೋದ.