ಕಲ್ಲೆತ್ತುವ ಹಾಡು ಹಾಡಿದ ಮಧ್ಯಾಹ್ನ

ಕನ್ನಡಕದಣ್ಣನಿಗೆ ಹಾಡಲು ಬರುತ್ತಿರಲಿಲ್ಲ. ಅವನು ಬಾಯಿ ಬಿಟ್ಟರೆ ಅಂಗಡಿಯ ಗಾಜೆಲ್ಲ ತಾನಾಗಿ ಸೀಳಿಹೋಗುತ್ತದೆ ಎಂದು ಅವನ ಅಕ್ಕ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಮದುವೆಯಾಗದ ತಮ್ಮ, ಗಂಡ ತೀರಿಕೊಂಡ ಮೇಲೆ ಅವನ ಜೊತೆ ಬಂದು ನಿಂತ ಅಕ್ಕ. ಕನ್ನಡಕದಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇಬ್ಬರ ಸಂಸಾರ. ಮುಂದೆ ಅವನು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ, ಹಿಂದೆ ಅವಳು ಅಡುಗೆ ಮಾಡುತ್ತಿದ್ದಳು. ಮಾತು ಮಾತ್ರ ಗೋಡೆ ದಾಟಿಕೊಂಡು ಇಡೀ ದಿನ ನಡೆಯುತ್ತಿತ್ತು.

ಅವರ ತಾಯಿ ಲಾಂಡ್ರಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು. ಕೆಲಸ ಮುಗಿಯುವವರೆಗೂ ಹಾಡುತ್ತಲೇ ಇರುತ್ತಿದ್ದಳು. ಅವಳು ಸತ್ತ ಮೇಲೆ ಒಂದು ದಿನ ಅಕ್ಕ ತಮ್ಮ ಊಟಕ್ಕೆ ಕೂತಾಗ ಆ ಹಾಡುಗಳನ್ನು ನೆನಪಿಸಿಕೊಳ್ಳಲು ನೋಡಿದರು. ಒಂದರ ತಲೆ ಸಿಕ್ಕಿತು, ಇನ್ನೊಂದರ ಬಾಲ ಸಿಕ್ಕಿತು, ಪೂರ್ತಿ ಒಂದೂ ಬರಲಿಲ್ಲ. ಅವನು ಅರ್ಧಕ್ಕೇ ಕೈ ತೊಳೆದು ಎದ್ದುಬಿಟ್ಟ.

ಹಾಡಿನ ಹುಚ್ಚು ಅವನಿಗೆ ಹತ್ತಿದ್ದು ಆಗಲೇ. ಮುಚ್ಚಿಹೋಗಿದ್ದ ಮರದ ಡಿಪೋದಲ್ಲಿ ಒಂದು ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. ಅದನ್ನು ಗುಡಿಸಿ, ಹಳೆಯ ಬೆಂಚು ಜೋಡಿಸಿ, ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಜನಪದ ಹಾಡುಗಳ ಕೂಟ ಶುರುಮಾಡಿದ. ದೋಣಿಯವರು, ಮಗ್ಗದವರು, ಲಾಲಿ ಹಾಡುವ ಅಜ್ಜಿಯರು, ಯಾರು ಸಿಕ್ಕರೂ ಕೈಕಾಲು ಹಿಡಿದು ಕರೆತರುತ್ತಿದ್ದ. ವೇದಿಕೆಯ ಮೇಲೆ ಮಾತಾಡುವ ಕೆಲಸ ನಿವೃತ್ತ ಮೇಷ್ಟ್ರದ್ದು; ಮೈಕಿನ ಪೆಟ್ಟಿಗೆಯ ಪಕ್ಕ ಕೂರುವ ಕೆಲಸ ಇವನದ್ದು. ಮೊದಲು ಬೆಂಚಿಗಿಂತ ಜನ ಕಡಿಮೆ ಇದ್ದರು. ಎರಡು ಮೂರು ವರ್ಷಗಳಲ್ಲಿ ಬಾಗಿಲಾಚೆಗೂ ನಿಲ್ಲುವಂತಾಯಿತು.

ಕಲ್ಲೆತ್ತುವ ಹಾಡಿನ ಅಜ್ಜ ಅವನಿಗೆ ಸಿಕ್ಕಿದ್ದು ಅಂಗಡಿಯಲ್ಲೇ. ಕಲ್ಲಿನ ಗಣಿಯಲ್ಲಿ ಆಯುಷ್ಯ ಸವೆಸಿದ ಮುದುಕ, ಬೇಕರಿಯಲ್ಲಿ ಹಿಟ್ಟು ನಾದುವ ಮಗಳ ಕೈ ಹಿಡಿದು ಕಣ್ಣು ತೋರಿಸಲು ಬಂದಿದ್ದ. ಕಲ್ಲಿನ ಧೂಳು ಅವನ ಎದೆಯಲ್ಲಿ ಗೂಡು ಕಟ್ಟಿತ್ತು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಕಾಯಬೇಕು. ಫ್ರೇಮು ಕಿವಿಗೆ ಸರಿಹೊಂದುವವರೆಗೆ ಕೂತಿದ್ದವನು ಬೆರಳಲ್ಲಿ ಮೇಜು ಕುಟ್ಟುತ್ತ ಏನೋ ಗುನುಗಿದ.

"ಅಜ್ಜ, ಏನದು?"

"ಬಂಡೆ ಎತ್ತುವಾಗ ಹೇಳೋದು. ಮುಂದಿನವನು ಒಂದು ಸಾಲು ಹೇಳ್ತಾನೆ, ಉಳಿದವರು 'ಹೋ' ಅಂತ ಒಟ್ಟಿಗೆ ಎತ್ತಬೇಕು. ಒಬ್ಬನೇ ಹೇಳಿದ್ರೆ ಕಲ್ಲೂ ಏಳಲ್ಲ, ಹಾಡೂ ಏಳಲ್ಲ."

"ಉಳಿದವರು ಎಲ್ಲಿದ್ದಾರೆ?"

ಅಜ್ಜ ಎದೆ ತಟ್ಟಿಕೊಂಡ. "ಎಲ್ಲರಿಗೂ ಇದೇ. ಒಬ್ಬೊಬ್ಬರಾಗಿ ಹೋದ್ರು."

ಕನ್ನಡಕದಣ್ಣ ಆ ವಾರವೇ ಅವರ ಮನೆ ಹುಡುಕಿಕೊಂಡು ಹೋದ. ಮಗಳು ಬಾಗಿಲಲ್ಲೇ ತಡೆದಳು. "ಆಗಲ್ಲ. ಗಟ್ಟಿಯಾಗಿ ಮಾತಾಡೋದೂ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ. ಹಾಡೋದಂತೆ!"

ಒಳಗಿನಿಂದ ಅಜ್ಜ ಹೇಳಿದ: "ಇವಳು ಹುಟ್ಟೋಕೆ ಮುಂಚೆಯಿಂದ ಹಾಡ್ತಿದ್ದೀನಿ. ಈಗ ಇವಳನ್ನ ಕೇಳಿ ಹಾಡಬೇಕು ನೋಡಿ."

ಅಪ್ಪನ ಹಟದ ಮುಂದೆ ಮಗಳ ಆಟ ನಡೆಯಲಿಲ್ಲ. ಭಾನುವಾರ ಅವಳಿಗೆ ಬೇಕರಿಯಲ್ಲಿ ರಜೆಯೂ ಇರಲಿಲ್ಲ. ಕೊನೆಗೆ ಕನ್ನಡಕದಣ್ಣನನ್ನು ಬೀದಿಯವರೆಗೆ ಕರೆತಂದು, ಹಿಟ್ಟು ಒಣಗಿದ ಕೈಯನ್ನು ಅವನ ಮುಖದೆದುರು ಹಿಡಿದು ಹೇಳಿದಳು: "ಒಂದೇ ಒಂದು ಹಾಡು. ಅದು ಮುಗಿದ ತಕ್ಷಣ ಮೈಕ್ ನೀವೇ ಆಫ್ ಮಾಡಬೇಕು. ಅಪ್ಪನ ಮಾತು ಕೇಳಬಾರದು, ಜನರ ಮಾತೂ ಕೇಳಬಾರದು. ನಿಮ್ಮನ್ನ ನಂಬಿ ಕಳಿಸ್ತಿದ್ದೀನಣ್ಣ."

"ಆಗಲಿ ಕಣಮ್ಮ. ಖಂಡಿತ."

ಆ ಭಾನುವಾರ ಶೆಡ್ಡು ತುಂಬಿತ್ತು. ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಮೈಕನ್ನು ತುಟಿಯ ಹತ್ತಿರ ತಂದಿಟ್ಟು, ಕನ್ನಡಕದಣ್ಣ ತನ್ನ ಪೆಟ್ಟಿಗೆಯ ಬಳಿ ಬಂದು ಕೂತ. ಅಜ್ಜ ಒಂದು ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಕುಟ್ಟಿ, ಎಲ್ಲೋ ಆಳದಿಂದ ಎಳೆದು ತಂದಂಥ ದನಿಯಲ್ಲಿ ಶುರುಮಾಡಿದ.

"ಏಳೇಳು ಕಲ್ಲೇ, ಎದ್ದು ಬಾ ಕಲ್ಲೇ,
ಎದೆ ಮೇಲೆ ಕೂತದ್ದು ಸಾಕೇಳು ಕಲ್ಲೇ!"

ನಿಲ್ಲಿಸಿ ಜನರತ್ತ ನೋಡಿದ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. "ಹೋ ಅನ್ರಪ್ಪ," ಎಂದ ಅಜ್ಜ, "ಕಲ್ಲು ನಾನೊಬ್ಬನೇ ಎತ್ತಲಾ?" ಎಲ್ಲರೂ ನಕ್ಕರು. ಮುಂದಿನ ಸಾಲಿಗೆ "ಹೋ" ಬಂತು, ಅದರ ಮುಂದಿನದಕ್ಕೆ ಇನ್ನೂ ಜೋರಾಗಿ ಬಂತು. ತಗಡು ಅದುರಿತು. ಅಜ್ಜನ ಬೆನ್ನು ನೆಟ್ಟಗಾಯಿತು. ಎಷ್ಟೋ ವರ್ಷಗಳಿಂದ ಉತ್ತರವೇ ಸಿಗದ ಹಾಡಿಗೆ ಅಂದು ಉತ್ತರ ಸಿಕ್ಕಿತ್ತು.

ಹಾಡು ಮುಗಿಯಿತು. "ಇನ್ನೊಂದು!" ಎಂದು ಬಾಗಿಲ ಕಡೆಯಿಂದ ಕೂಗು. ಅಜ್ಜ ಆಗಲೇ ಸಲಾಕೆ ಎತ್ತಿದ್ದ. ಕನ್ನಡಕದಣ್ಣನ ಕೈ ಸ್ವಿಚ್ಚಿನ ಮೇಲಿತ್ತು. ಒತ್ತಲಿಲ್ಲ. ಇಂಥ ಹಾಡನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇದು ಮುಗಿಯಲಿ ಎಂದುಕೊಂಡ. ಎರಡನೆಯದು ಮುಗಿದಾಗಲೂ ಹಾಗೇ ಅಂದುಕೊಂಡ. ಮೂರನೆಯದರ ನಡುವೆ ಅಜ್ಜನಿಗೆ ಕೆಮ್ಮು ಬಂತು. ಮೈಕಿನಲ್ಲಿ ಆ ಕೆಮ್ಮು ಶೆಡ್ಡಿನ ತುಂಬ ಕೇಳಿತು. ಜನ ಅದಕ್ಕೂ ಒಮ್ಮೆ "ಹೋ" ಎಂದರು; ಆಮೇಲೆ ರಕ್ತ ಕಂಡಿತು.

ಅಜ್ಜ ಅಂದು ಸಾಯಲಿಲ್ಲ. ಆಸ್ಪತ್ರೆಯಲ್ಲಿ ವಾರವಿಡೀ ಒದ್ದಾಡಿದ. ಮೊದಮೊದಲು ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿ ಮಗಳಿಗೆ, "ಹೋ ಅಂದ್ರು ಕಣೇ, ಎಲ್ಲರೂ ಅಂದ್ರು," ಎಂದು ಹೇಳುತ್ತಿದ್ದ. ಆಮೇಲೆ ಆ ಮಾತೂ ನಿಂತಿತು. ಮಂಚದ ಕಂಬಿ ಹಿಡಿದು ಎದ್ದು ಕೂರುವನು, ನೀರಿನಿಂದ ಹೊರಬಿದ್ದ ಮೀನಿನಂತೆ ಬಾಯಿ ತೆರೆಯುವನು, ಕಿಟಕಿ ತೆಗೆಯಿರಿ ಎಂದು ಸನ್ನೆ ಮಾಡುವನು. ಕಿಟಕಿ ತೆರೆದೇ ಇರುತ್ತಿತ್ತು. ಮಗಳಿಗೂ ಕನ್ನಡಕದಣ್ಣನಿಗೂ ಸರದಿಯ ಮೇಲೆ ಅವನ ಬೆನ್ನು ಉಜ್ಜುವುದೊಂದೇ ಕೆಲಸ. ಕೊನೆಗೆ ಕೈ ಮುಗಿದು, "ಸಾಕು ಮಾಡ್ರಪ್ಪ," ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಂಡನೋ ಯಾರಿಗೆ ಗೊತ್ತು!

ಪ್ರಾಣ ಹೋದ ಬೆಳಿಗ್ಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಮಗಳು ಕನ್ನಡಕದಣ್ಣನನ್ನು ಮೊದಲ ಬಾರಿಗೆ ಕೇಳಿದಳು. ಕೂಗಲಿಲ್ಲ, ಅಳಲೂ ಇಲ್ಲ.

"ನಿಮ್ಮ ಕೈ ಎಲ್ಲಿತ್ತು?"

"ಸ್ವಿಚ್ಚಿನ ಮೇಲೇ ಇತ್ತಮ್ಮ."

ಅವಳು ತಲೆಯಾಡಿಸಿ ಒಳಗೆ ಹೋದಳು.

ಊರಿನಲ್ಲಿ ಕಥೆ ಬೇರೆಯೇ ಬೆಳೆಯಿತು. ಮುಂದಿನ ತಿಂಗಳ ಕೂಟದಲ್ಲಿ ಮೇಷ್ಟ್ರು ಮೈಕ್ ಹಿಡಿದು, "ಹಾಡುತ್ತ ಹಾಡುತ್ತಲೇ ನಮ್ಮ ಕಣ್ಣೆದುರು ಪ್ರಾಣ ಬಿಟ್ಟ ಪುಣ್ಯಾತ್ಮ! ಕಲಾವಿದನಿಗೆ ಇದಕ್ಕಿಂತ ಚಂದದ ಸಾವು ಉಂಟೇ?" ಎಂದರು. ಚಪ್ಪಾಳೆ ಬಿತ್ತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಅಷ್ಟು ವರ್ಷಗಳಲ್ಲಿ ಒಮ್ಮೆಯೂ ವೇದಿಕೆ ಹತ್ತದ ಕನ್ನಡಕದಣ್ಣ ಅಂದು ಹತ್ತಿದ. "ಮೇಷ್ಟ್ರೇ, ಅವರು ಹಾಡ್ತಾ ಸಾಯಲಿಲ್ಲ," ಎಂದ. "ಉಸಿರು ಸಿಗದೆ ವಾರ ಒದ್ದಾಡಿ ಸತ್ರು. ಒಂದೇ ಹಾಡು ಅಂತ ಮಗಳಿಗೆ ಮಾತು ಕೊಟ್ಟಿದ್ದೆ, ನಿಲ್ಲಿಸಲಿಲ್ಲ. ಚಂದ ಇರಲಿಲ್ಲ ಆ ಸಾವು. ನಾನು ನೋಡಿದೀನಿ." ಅವನ ಒರಟು ದನಿ ಮೈಕಿನಲ್ಲಿ ಇನ್ನಷ್ಟು ಒರಟಾಗಿ ಕೇಳಿತು. ಆಮೇಲೆ ಹಿಂದಿನ ಬೆಂಚಿನವರು ಎದ್ದು ಹೊರನಡೆದರು, ಅವರನ್ನು ನೋಡಿ ಮುಂದಿನವರೂ ಎದ್ದರು. ಅಂದು ಹಾಡಲು ಬಂದವರು ವಾದ್ಯಗಳನ್ನು ಚೀಲದಿಂದ ತೆಗೆಯಲೇ ಇಲ್ಲ.

ಅಕ್ಕ ಮನೆಯಲ್ಲಿ, "ಸುಮ್ಮನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ತಟ್ಟೆ ತಂದು ಅವನ ಮುಂದಿಟ್ಟು, "ಉಣ್ಣು," ಎಂದಳು.

ಮೇಷ್ಟ್ರು ಕೂಟವನ್ನು ಶಾಲೆಯ ಹಾಲಿಗೆ ಒಯ್ದರು. ಅಜ್ಜನ ಫೋಟೋ ಇರುವ ದೊಡ್ಡ ಬ್ಯಾನರ್ ಬಂತು. ಆದರೆ ಆ ಹಾಡು ಯಾರಿಗೂ ಪೂರ್ತಿ ಬರುತ್ತಿರಲಿಲ್ಲ. ಮೇಷ್ಟ್ರು ಬೇಕರಿಗೇ ಹೋಗಿ ಕೇಳಿದರು. ಮಗಳು ಹಿಟ್ಟಿನಿಂದ ಕೈ ತೆಗೆಯದೆ, "ಗೊತ್ತು. ಎಲ್ಲಾ ಸಾಲೂ ಗೊತ್ತು. ಯಾರಿಗೂ ಹೇಳಿಕೊಡಲ್ಲ," ಎಂದಳಂತೆ. ಮೇಷ್ಟ್ರು ಹಳೆಯ ಮುನಿಸು ನುಂಗಿಕೊಂಡು ಕನ್ನಡಕದಂಗಡಿಗೆ ಬಂದರು.

"ನೀನೊಮ್ಮೆ ಕೇಳಿ ನೋಡಯ್ಯ. ಹಾಡು ಅವಳ ಜೊತೆ ಮಣ್ಣಾಗಿಬಿಡುತ್ತೆ."

"ಮಣ್ಣಾದರೆ ಆಗಲಿ ಮೇಷ್ಟ್ರೇ," ಎಂದ ಅವನು. ತಾಯಿಯ ಹಾಡಿಗಾಗಿ ಊಟ ಬಿಟ್ಟು ಎದ್ದವನ ಬಾಯಲ್ಲಿ ಈ ಮಾತು ಕೇಳಿ ಗೋಡೆಯಾಚೆ ಅಕ್ಕನ ಪಾತ್ರೆಗಳ ಸದ್ದು ನಿಂತಿತು. "ಅದು ಅವಳದ್ದು. ಅವಳಲ್ಲೇ ಇರಲಿ."

ಶೆಡ್ಡಿಗೆ ಯಾರೋ ಸಿಮೆಂಟು ಚೀಲ ತುಂಬಿದರು. ಭಾನುವಾರವೂ ಅವನು ಅಂಗಡಿ ತೆರೆಯತೊಡಗಿದ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳು ಅಂಗಡಿಗೆ ಬಂದಳು. ಕನ್ನಡಕಕ್ಕಲ್ಲ. ಗಾಜಿನ ಕಪಾಟಿನ ಎದುರು ಸ್ಟೂಲಿನ ಮೇಲೆ ಕೂತಳು.

"ಮೈಕಿನಲ್ಲಿ ನೀವು ಹೇಳಿದ್ದು ನನಗೆ ಗೊತ್ತಾಯ್ತು," ಎಂದಳು. "ಅದರಿಂದ ಏನೂ ಸರಿಹೋಗಲ್ಲ."

"ಗೊತ್ತಮ್ಮ."

"ಅಪ್ಪ ಹಾಡಿದ್ದನ್ನ ಊರವರೆಲ್ಲ ಕೇಳಿದ್ದಾರೆ. ನಾನು ಕೆಲಸದಲ್ಲಿದ್ದೆ. ನೀವು ಹೇಳಿ. ಮೊದಲಿಂದ ಹೇಳಿ."

ಅವನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ. ಅಜ್ಜ ಗಾಡಿಯಿಂದ ಇಳಿದದ್ದು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಸಿಕೊಂಡದ್ದು, ಕಲ್ಲು ನಾನೊಬ್ಬನೇ ಎತ್ತಲಾ ಎಂದು ಜನರನ್ನು ನಗಿಸಿದ್ದು, ಬೆನ್ನು ನೆಟ್ಟಗೆ ಮಾಡಿದ್ದು, ಎಲ್ಲವನ್ನೂ ಹೇಳಿದ. ಅವಳು ಒಂದೆರಡು ಕಡೆ ನಕ್ಕಳು ಕೂಡ. ಬಾಗಿಲಲ್ಲಿ ನಿಂತಿದ್ದ ಗಿರಾಕಿಯನ್ನು ಅಕ್ಕ ಬಂದು ಆಮೇಲೆ ಬನ್ನಿ ಎಂದು ಕಳಿಸಿದಳು. ಎರಡನೆಯ ಹಾಡು ಮುಗಿಸಿ ಅವನು ಮೂರನೆಯದಕ್ಕೆ ಬಂದ.

"ಆಗ ಕೆಮ್ಮು—"

ಅವಳು ಕೈ ಎತ್ತಿದಳು.

"ಅಲ್ಲಿಂದ ಮುಂದೆ ನನಗೆ ಗೊತ್ತು," ಎಂದು ಎದ್ದು ಹೋದಳು.